ಇಳಿಯೆಣಿಕೆ

ಭೂಮಿ ಬೇಕಿತ್ತು.
ಗೋಲ ಕೊಳ್ಳಲು ದುಡ್ಡಿರಲಿಲ್ಲ ಆ ತಿಂಗಳು.
ಅಕಲಂಕ ಮಾರ್ಕೆಟ್ ರಸ್ತೆಯಿಂದ ಎತ್ತಿಕೊಂಡು ಬಂದ,
ಲಾರಿಯ ಮೂಟೆಯಿಂದ ಉರುಳಿದ ಒಂದು ಆಲೂಗಡ್ಡೆ.

ಹಾಸನದ ತುಂಬ ಆಲೂಗಡ್ಡೆಯೇ ಇರಬಹುದು,
ಬಸದಿಗೆ ನಡೆದುಕೊಳ್ಳುವ ನಮ್ಮ ಮನೆಯ ಹೊಸ್ತಿಲನ್ನು
ಯಾವ ಗಡ್ಡೆಯೂ ದಾಟಿದ್ದಿಲ್ಲ.
ಅತ್ತೆ ಕನ್ನಡಕ ಏರಿಸಿ ನೋಡಿದರು.
‘ತಿನ್ನೋದಕ್ಕಲ್ಲ ಅಜ್ಜಿ, ಇದು ಭೂಮಿ.’
‘ಹಾಗಾದ್ರೆ ಇರಲಿ. ಒಲೆ ಹತ್ರ ಮಾತ್ರ ತರಬೇಡ.’

ನಾಲ್ಕು ಬೆರಳಗಲದ ಭೂಮಿ.
ಸಿಪ್ಪೆಯಿಂದ ಹನ್ನೊಂದು ಬೆರಳಾಚೆ
ಊದುಬತ್ತಿ ಕಡ್ಡಿಯ ತುದಿಗೆ ಅಂಟಿಸಿದ ಸಾಸಿವೆ, ಅದು ಉಪಗ್ರಹ.
ಚಂದ್ರನಿಗೆ ಬೆರಳಿಟ್ಟು ಅಳೆಯುತ್ತ ಹೋದ ಚೇಲನಾ
ಬಾಗಿಲು ದಾಟಿ ಚಪ್ಪಲಿ ಬಿಡುವಲ್ಲಿ ನಿಂತಳು.
ಆವತ್ತಿನ ಗಣಿತ ಅಷ್ಟೇ.

ಶಾಲೆ ಯಾಕೆ ಬಿಡಿಸಿದಿರಿ ಎಂದು ಕೇಳುತ್ತಾರೆ
ಹಾಲಿನ ಬೂತಿನವರು, ತವರಿನವರು, ಗ್ಯಾಸ್ ತರುವ ಹುಡುಗ ಕೂಡ.
ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತೇನೆ.
ನಿಜ ಇಷ್ಟು: ಮಗ್ಗಿ ಒಪ್ಪಿಸುವಾಗ
ಒಂಬತ್ತರ ‘ಒಂ’ ಅವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.
ನಲವತ್ತೆರಡು ಮಕ್ಕಳು ಅದಕ್ಕೆ ಬೆಂಚಿನ ಮೇಲೆ ತಾಳ ಹಾಕುತ್ತಿದ್ದರು.
ಮೇಷ್ಟ್ರು ಗಡಿಯಾರ ನೋಡುತ್ತಿದ್ದರು.

ಉಡಾವಣೆ ಐದು ನಲವತ್ತಕ್ಕೆ, ಹೊತ್ತು ಮುಳುಗುವುದು ಆರರ ಮೇಲೆ;
ನೋಡಿಕೊಂಡೇ ಉಣ್ಣಬಹುದು ಎಂದು ಲೆಕ್ಕ ಹಾಕಿದ್ದೆವು.
ಕತ್ತಲಾದ ಮೇಲೆ ಅತ್ತೆ ನೀರೂ ಮುಟ್ಟುವುದಿಲ್ಲ.
ನೇಮಿರಾಜ್ ಮೋಟಾರ್ ವೈಂಡಿಂಗ್ ಅಂಗಡಿಗೆ ಬೇಗ ಬೀಗ ಹಾಕಿ
ಬೆರಳಿಗಂಟಿದ ವಾರ್ನಿಷ್ ಸಮೇತ ಬಂದರು.
ಲೋಟಕ್ಕೆ ಒರಗಿಸಿದ ಫೋನು.
ಅಕ್ಕಿರೊಟ್ಟಿ, ಹೀರೆಕಾಯಿ ಚಟ್ನಿ.

ಆಮೇಲೆ ಆ ಒಂದು ಪದ: ಹೋಲ್ಡ್.
ಎಣಿಕೆ ನಿಂತಿತು.
ಯಾವುದೋ ವಾಲ್ವು, ಯಾವುದೋ ಒತ್ತಡ.
‘ಅಷ್ಟು ದೊಡ್ಡದಕ್ಕೂ ಸಿಕ್ಕಿಕೊಳ್ಳುತ್ತಾ?’
ಎಂದ ಅಕಲಂಕ, ಒಂದೇ ಉಸಿರಿಗೆ.
ರಾಕೆಟ್ಟನ್ನು ಯಾರೂ ಬೈಯಲಿಲ್ಲ.
ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಅಷ್ಟೂ ಜನ
ಕುರ್ಚಿಯಲ್ಲಿ ಸುಮ್ಮನೆ ಕೂತು ಕಾದರು.

ರೊಟ್ಟಿ ಆರಿತು. ಕಿಟಕಿ ಸರಳಿನ ನೆರಳು
ಗೋಡೆ ಹತ್ತಿ, ತೆಳುವಾಗಿ, ಕಾಣದಾಯಿತು.
‘ಅತ್ತೆ, ನೀವಾದರೂ ಉಣ್ಣಿ’ ಎಂದೆ.
ಅವರ ಹೆಸರು ಜ್ವಾಲಾಮಾಲಿನಿ,
ಬೆಂಕಿಯನ್ನು ಹಾರದ ಹಾಗೆ ಹಾಕಿಕೊಂಡವಳು ಅಂತ.
‘ಅದು ಹೊರಡಲಿ’ ಎಂದರು.

ಆರು ಇಪ್ಪತ್ತೊಂದಕ್ಕೆ ಮತ್ತೆ ಶುರು.
ಹತ್ತು, ಎಂದ ಗಟ್ಟಿಯಾಗಿ.
ಒಂ
ಒಂ
ಫೋನಿನವರು ಏಳಕ್ಕೆ ಹೋದರು, ನಾಲ್ಕಕ್ಕೆ ಹೋದರು.
ತುಂಬಿಕೊಡಲು ಚೇಲನಾ ಬಾಯಿ ತೆರೆದಳು,
ಅಪ್ಪ ಅವಳ ಮಂಡಿ ಮುಟ್ಟಿದರು.
ಅತ್ತ ಬೆಂಕಿ ಕಾರಿ, ಮೋಡಕ್ಕೆ ತೂತು ಕೊರೆದು
ಅದು ಹೊರಟೇ ಹೋಯಿತು.
ಒಂ
ನಾವು ಐದೂ ಜನ ಇಲ್ಲೇ, ಒಂಬತ್ತರ ಪಕ್ಕದಲ್ಲಿ ಕೂತಿದ್ದೆವು.
ಬತ್ತು.
ಎಂಟು. ಏಳು. ಆರು.

ಅವನು ಸೊನ್ನೆ ಅಂದಾಗ ಅತ್ತೆ ಚಪ್ಪಾಳೆ ತಟ್ಟಿದರು,
ಈಗಷ್ಟೇ ಬಿಟ್ಟರೇನೋ ಎಂಬ ಹಾಗೆ.
ನಮ್ಮ ಮನೆಯ ರಾಕೆಟ್ ಹೊರಟದ್ದು
ಇಪ್ಪತ್ತಾರು ಸೆಕೆಂಡು ತಡವಾಗಿ.

ಅವರ ತಟ್ಟೆಗೆ ನಾನು ಇನ್ನೊಂದು ತಟ್ಟೆ ಮುಚ್ಚಿದೆ.

ಉಪಗ್ರಹ ಕಳಚಿಕೊಂಡ ಮೇಲೆ ಫೋನು ಸುಮ್ಮನಾಯಿತು.
‘ಇನ್ನು ನಮ್ಮೂರಿನ ಕೆಲಸ, ಬನ್ನಿ’ ಎಂದರು ನೇಮಿರಾಜ್.
ಒಂದೇ ಸ್ಕೂಟರು, ನಾಲ್ಕು ಜನ, ಸಾಲಗಾಮೆ ರಸ್ತೆ.
ಬೇಲಿಯಾಚೆ, ದೂರದಲ್ಲಿ,
ಆಕಾಶಕ್ಕೆ ಬಾಯಿ ತೆರೆದ ಬಿಳಿ ಬೋಗುಣಿಗಳು.
ಒಂದು ಚೂರು ತಿರುಗಿತು ಅನ್ನುತ್ತಾಳೆ ಚೇಲನಾ.
ನನಗೆ ಕಾಣಲಿಲ್ಲ.
ಅಲ್ಲಿ ಯಾರೋ ಹೊಸದನ್ನು ಹೆಸರಿಟ್ಟು ಕರೆಯುತ್ತಿರಬೇಕು,
ಅದು ಓಗೊಡುವ ತನಕ ಕೂತಿರಬೇಕು.

ಕಾವಲಿನವನು ಟಾರ್ಚು ಬಿಟ್ಟುಕೊಂಡು ಬಂದ.
‘ಏನಪ್ಪ, ಯಾವ ಸ್ಕೂಲು?’
ಅಕಲಂಕನ ತುಟಿ ಅದಿರಿತು. ಮಾತು ಬರಲಿಲ್ಲ.
ನಾನು ಸ್ಕೂಟರಿನ ಕನ್ನಡಿ ಹಿಡಿದು ನಿಂತೆ.
ಆ ಮನುಷ್ಯ ಟಾರ್ಚು ನೆಲಕ್ಕೆ ತಿರುಗಿಸಿ,
ಕೋಲು ಕಂಕುಳಿಗೆ ಸಿಕ್ಕಿಸಿ,
ಕಾದ.